ನೆತ್ತರುಗೊಡಗೆಯಿಂದ ಪಿಂಚಣಿ ಕಡತದವರೆಗೆ: ಶಿವಾರಪಟ್ಟಣದ ಪರಿಸರದಲ್ಲಿ ಯೋಧರ ಪೋಷಣೆಯ ದಾಖಲೆಗಳು

ಮಾಲೂರು ತಾಲ್ಲೂಕಿನ ಶಿವಾರಪಟ್ಟಣವು ಶಿಲ್ಪಿಗಳ ಊರೆಂದು ನಾಡಿನಲ್ಲಿ ಹೆಸರಾಗಿದೆ. ಬೀದಿಯನ್ನು ಹೊಗುವ ಮೊದಲೇ ಉಳಿ ಸುತ್ತಿಗೆಗಳ ಸದ್ದು ಕಿವಿಗೆ ಬೀಳುತ್ತದೆ. ಮನೆಗಳ ಮುಂದಿನ ಚಪ್ಪರಗಳಲ್ಲಿ ಅರೆ ಮೂಡಿದ ಗಣಪತಿ, ದ್ವಾರಪಾಲಕರು, ಇನ್ನೂ ಕಣ್ಣು ತೆರೆಯದ ಅಮ್ಮನವರು ಸಾಲಾಗಿ ನಿಂತಿರುತ್ತಾರೆ. ಇಲ್ಲಿಯ ವಿಗ್ರಹಗಳು ಹೊರರಾಜ್ಯಗಳ ದೇವಾಲಯಗಳಿಗೂ ಹೋಗುತ್ತವೆ. ಈ ಶಿಲ್ಪಪರಂಪರೆಯ ವಿವರಣೆ ಪ್ರಸ್ತುತ ಲೇಖನದ ಉದ್ದೇಶವಲ್ಲ. ಕೆಲವು ವರ್ಷಗಳ ಹಿಂದೆ ಕ್ಷೇತ್ರಕಾರ್ಯಕ್ಕೆಂದು ಹೋದಾಗ ಅಲ್ಲಿಯ ಹಿರಿಯ ಶಿಲ್ಪಿಯೊಬ್ಬರನ್ನು ಕೇಳಿದ ಒಂದು ಪ್ರಶ್ನೆಯಿಂದ ಈ ಲೇಖನ ಹುಟ್ಟಿತು. ಸುತ್ತಲಿನ ಊರುಗಳ ತೋಪುಗಳಲ್ಲಿ, ಕೆರೆಯ ಏರಿಗಳ ಬಳಿ ವೀರಗಲ್ಲುಗಳು ಕಾಣಸಿಗುತ್ತವೆಯಲ್ಲ, ಈಗಲೂ ಅಂಥವನ್ನು ಯಾರಾದರೂ ಮಾಡಿಸುತ್ತಾರೆಯೇ ಎಂದು ಕೇಳಿದೆ. ಅವರು ಕೈಯ ಕೆಲಸ ನಿಲ್ಲಿಸದೆಯೇ ಉತ್ತರಿಸಿದರು: “ಈಗ ಯಾರ್ ಮಾಡಿಸ್ತಾರೆ ಸಾರ್? ದೇವ್ರು ಮಾಡಿಸ್ತಾರೆ, ಇಲ್ಲಾಂದ್ರೆ ತೀರ್ಕೊಂಡ ಯಜಮಾನ್ರ ಪ್ರತಿಮೆ ಮಾಡಿಸ್ತಾರೆ. ಯುದ್ಧಕ್ಕೆ ಹೋದೋರ್ದೆಲ್ಲಾ ಗೌರ್ಮೆಂಟ್ ನೋಡ್ಕೊಳ್ತದೆ.”

ಈ ಮಾತಿನಲ್ಲಿ ಒಂದು ಚಾರಿತ್ರಿಕ ತಿಳಿವಳಿಕೆ ಅಡಗಿದೆಯೆಂದು ನನಗೆ ಆಗ ಹೊಳೆಯಲಿಲ್ಲ. ವೀರಗಲ್ಲನ್ನು ನಾವು ಸಾಮಾನ್ಯವಾಗಿ ಸ್ಮಾರಕವೆಂದು ಓದುತ್ತೇವೆ. ಶಿಲ್ಪಿ ಅದನ್ನು ‘ನೋಡಿಕೊಳ್ಳುವ’ ವ್ಯವಸ್ಥೆಯ ಒಂದು ಭಾಗವಾಗಿ ಓದಿದ್ದರು. ದಂಡಿಗೆ ಹೋದವನು ಸತ್ತರೆ, ಗಾಯಗೊಂಡರೆ, ಮುಪ್ಪಾದರೆ ಅವನನ್ನೂ ಅವನ ಮನೆಯನ್ನೂ ಯಾರು ನೋಡಿಕೊಂಡರು? ನೋಡಿಕೊಂಡದ್ದನ್ನು ಎಲ್ಲಿ ಬರೆದಿಟ್ಟರು? ಬರೆದಿಟ್ಟದ್ದನ್ನು ಯಾರು ಕಾಣಬಹುದಾಗಿತ್ತು? ಈ ಮೂರು ಪ್ರಶ್ನೆಗಳನ್ನು ಕೋಲಾರ ಸೀಮೆಯ ನೆಲದಲ್ಲಿ ನಿಂತು ಕೇಳಿಕೊಳ್ಳುವ ಪ್ರಯತ್ನ ಇಲ್ಲಿಯದು. ಆಧಾರಗಳು ಈ ಸೀಮೆಯ ಒಳಗೆ ಸಾಲದಿದ್ದಲ್ಲಿ ನೆರೆಯ ಪ್ರದೇಶಗಳಿಂದ ತೆಗೆದುಕೊಂಡಿದ್ದೇನೆ.

ಕೋಲಾರವು ಗಂಗರ ಪ್ರಾಚೀನ ರಾಜಧಾನಿ. ಕುವಲಾಲಪುರವರೇಶ್ವರ ಎಂಬುದು ಅವರು ಕೊನೆಯವರೆಗೂ ಧರಿಸಿದ ಬಿರುದು. ಗಂಗರು, ಬಾಣರು, ನೊಳಂಬರು, ವೈದುಂಬರು, ಮುಂದೆ ಚೋಳರು ಒಬ್ಬರಾದ ಮೇಲೊಬ್ಬರು ಇಲ್ಲಿ ಹೋರಾಡಿದ್ದಾರೆ. ಗಡಿನಾಡಾದ್ದರಿಂದ ತುರುಗೊಳ್, ಊರಳಿವುಗಳಂಥ ಚಿಕ್ಕ ಕಾಳಗಗಳಿಗೂ ಕೊನೆಯಿರಲಿಲ್ಲ. ಬಿ.ಎಲ್. ರೈಸ್ ಅವರು 1905ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ ಹತ್ತನೆಯ ಸಂಪುಟವಾಗಿ ಕೋಲಾರ ಜಿಲ್ಲೆಯ ಶಾಸನಗಳನ್ನು ತಾಲ್ಲೂಕುವಾರು ಪ್ರಕಟಿಸಿದರು. ಅದರ ಪುಟಗಳನ್ನು ತಿರುವಿದವರಿಗೆ ಅರಸರ ಪ್ರಶಸ್ತಿಗಳಿಗಿಂತ ಹೆಚ್ಚು ಮನಸ್ಸಿನಲ್ಲಿ ಉಳಿಯುವುದು ಹೆಸರೇ ಕೇಳರಿಯದ ಊರಿನ ಹೆಸರೇ ಕೇಳರಿಯದ ಆಳು ‘ತುರುವಂ ಮಗುೞ್ಚಿ ಸತ್ತ’ ಬಗೆಯ ಒಕ್ಕಣೆ. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ (1966), ಆರ್. ಶೇಷಶಾಸ್ತ್ರಿಯವರ ‘ಕರ್ನಾಟಕದ ವೀರಗಲ್ಲುಗಳು’ (1982) ಎಂಬ ಕೃತಿಗಳು ಈ ಸಾಮಗ್ರಿಯ ವೀರಧರ್ಮವನ್ನೂ ಶಿಲ್ಪಲಕ್ಷಣವನ್ನೂ ವಿವೇಚಿಸಿವೆ. ನನಗೆ ಇಲ್ಲಿ ಮುಖ್ಯವಾದುದು ಒಕ್ಕಣೆಯ ಕೊನೆಯ ಭಾಗ, ಅಂದರೆ ಸತ್ತವನ ಮನೆಗೆ ಏನು ಕೊಟ್ಟರು ಎಂಬುದು.

ಕೊಟ್ಟದ್ದಕ್ಕೆ ಕನ್ನಡದಲ್ಲಿ ಹಲವು ಹೆಸರುಗಳಿದ್ದವು. ನೆತ್ತರುಗೊಡಗೆ ಎಂಬುದು ನೆತ್ತರು ಸುರಿಸಿದ್ದಕ್ಕಾಗಿ ಬಿಟ್ಟ ಭೂಮಿ. ಕಲ್ನಾಡು ಎಂಬುದು ಕಲ್ಲು ನಿಲ್ಲಿಸಿ ಬಿಟ್ಟ ನೆಲವೆಂದು ವಿದ್ವಾಂಸರು ಅರ್ಥೈಸಿದ್ದಾರೆ. ಬಾಳ್ಗಳ್ಚು ಎಂದರೆ ಕತ್ತಿಯನ್ನು ತೊಳೆದು ಕೊಟ್ಟ ದತ್ತಿ. ಗಮನಿಸಬೇಕಾದ ಸಂಗತಿಯೆಂದರೆ ‘ಕೊಡಗೆ’ ಎಂಬ ಈ ಪದ ಯೋಧರಿಗಷ್ಟೇ ಮೀಸಲಾಗಿರಲಿಲ್ಲ. ಕೆರೆ ಕಟ್ಟಿಸಿದವನಿಗೆ, ಏರಿ ಒಡೆಯದಂತೆ ಕಾಯುವವನಿಗೆ ಬಿಟ್ಟ ಭೂಮಿ ಕಟ್ಟುಗೊಡಗೆ. ಹೊಳೆಯಿಲ್ಲದ, ಕೆರೆಗಳನ್ನೇ ನಂಬಿ ಬದುಕಿದ ಕೋಲಾರ ಸೀಮೆಯಲ್ಲಿ ಈ ಜೋಡಣೆ ಸಹಜವಾದುದು. ಊರಿನ ನೀರನ್ನು ಕಾಯ್ದವನೂ ಊರಿನ ದನವನ್ನು ಕಾಯ್ದವನೂ ಒಂದೇ ಲೆಕ್ಕದ ಬೇರೆ ಬೇರೆ ಸಾಲುಗಳಾಗಿದ್ದರು. ಕೆರೆಯ ಏರಿಯ ಮೇಲೆ, ತೂಬಿನ ಬಳಿ ವೀರಗಲ್ಲು ನಿಂತಿರುವುದನ್ನು ಕಂಡಾಗಲೆಲ್ಲ ಈ ಮಾತು ನೆನಪಾಗುತ್ತದೆ.

ಇಂಥ ದಾಖಲೆಯ ಪೂರ್ಣ ಮಾದರಿಯನ್ನು ಕಾಣಬೇಕಾದರೆ ಬೆಂಗಳೂರಿನ ಬೇಗೂರಿಗೆ ಹೋಗಬೇಕು. ಸುಮಾರು ಕ್ರಿ.ಶ. 890ರ ಬೇಗೂರು ವೀರಗಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗರ ಎರೆಯಪ್ಪನ ಪರವಾಗಿ ವೀರಮಹೇಂದ್ರನ ಮೇಲೆ ತುಂಬೆಪಾಡಿಯಲ್ಲಿ ಕಾದಿ ನಾಗತ್ತರ ಸತ್ತನು. ಅದನ್ನು ಕೇಳಿದ ಎರೆಯಪ್ಪ ಇರುಗನಿಗೆ ನಾಗತ್ತರ ಪಟ್ಟವನ್ನು ಕಟ್ಟಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟನು. ಶಾಸನ ಇಷ್ಟಕ್ಕೆ ನಿಲ್ಲುವುದಿಲ್ಲ. ಕೊಟ್ಟ ಊರುಗಳ ಹೆಸರುಗಳನ್ನು ಒಂದೊಂದಾಗಿ ಎಣಿಸುತ್ತದೆ. ಕಲ್ಲಿನಲ್ಲಿ ಒಂದೊಂದು ಅಕ್ಷರಕ್ಕೂ ಶ್ರಮವಿದೆ. ಆದರೂ ಊರುಗಳ ಪಟ್ಟಿಯನ್ನು ಬಿಡಲಿಲ್ಲವೆಂದರೆ, ಈ ಪಟ್ಟಿಯೇ ಕಲ್ಲಿನ ಪ್ರಯೋಜನಗಳಲ್ಲಿ ಒಂದೆಂದು ಕಂಡರಿಸಿದವರು ಬಲ್ಲವರಾಗಿದ್ದರು. ಮೇಲೆ ಆನೆ ಕುದುರೆಗಳ ಕಾಳಗದ ಚಿತ್ರ, ಜೊತೆಯಲ್ಲಿ ಹಕ್ಕುಪತ್ರ. ಗಂಗ ನೊಳಂಬ ಕಾಲದ ಈ ಭಾಗದ ಎಷ್ಟೋ ಕಲ್ಲುಗಳಲ್ಲಿ ಮುಂದಿನ ಕಾಲದ ಮೂರು ಅಂಕಣಗಳ ಸ್ವರ್ಗಾರೋಹಣದ ವಿಸ್ತಾರವಿಲ್ಲ. ಕಾಳಗ ಮತ್ತು ಕೊಡುಗೆ, ಇವೆರಡೇ ಪ್ರಧಾನ.

ಕೊನೆಗೆ ಬರುವ ಶಾಪಾಶಯವನ್ನು ನಾವು ರೂಢಿಯ ಮಾತೆಂದು ದಾಟಿಬಿಡುತ್ತೇವೆ. ಇದನ್ನು ಅಳಿದವನು ವಾರಣಾಸಿಯಲ್ಲಿ ಸಾವಿರ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗಲಿ ಎಂಬ ಬಗೆಯ ಈ ಶಾಪವನ್ನು ಜಾನಪದದ ವಿದ್ಯಾರ್ಥಿ ಸುಮ್ಮನೆ ಬಿಡಲಾಗದು. ಯಾರೂ ಕಸಿದುಕೊಳ್ಳದ ಕಡೆ ಶಾಪದ ಅಗತ್ಯವಿಲ್ಲ. ಗಂಡಸರು ಸತ್ತ ಮನೆಯ ಹೊಲವನ್ನು ಬಲಾಢ್ಯರು ಒತ್ತುವರಿ ಮಾಡುವುದು ಅಂದೂ ಇತ್ತೆಂಬುದಕ್ಕೆ ಈ ಸಾಲುಗಳೇ ಸಾಕ್ಷಿ. ಅಂದರೆ ಕಲ್ಲು ಕೊಟ್ಟದ್ದನ್ನು ಬರೆದಿಡುವುದರ ಜೊತೆಗೆ, ತಪ್ಪಿಹೋಗುವ ಸಂಭವವನ್ನೂ ಮುಂದಾಗಿಯೇ ಬರೆದಿಟ್ಟಿತು. ಓದಲು ಬಾರದವನಿಗೂ ಅದು ತಿಳಿಯುವಂತೆ ಸೂರ್ಯ ಚಂದ್ರರನ್ನೂ ಹಸುಕರುವನ್ನೂ ಕೆತ್ತುವ ವಾಡಿಕೆ ಮುಂದೆ ಬೆಳೆಯಿತು. ಊರಿನ ನಡುವೆ, ಎಲ್ಲರ ಕಣ್ಣೆದುರು ನಿಂತ ಕಲ್ಲು ಇಂಥ ಹೊಲ ಇಂಥವನ ಮನೆಯದೆಂದು ದಿನವೂ ಹೇಳುತ್ತಿತ್ತು. ಸಾರ್ವಜನಿಕ ದಾಖಲೆ ಎಂಬ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆಯನ್ನು ನಾನು ಕಾಣೆ.

ಹಾಗೆಂದು ಈ ವ್ಯವಸ್ಥೆಯನ್ನು ವೈಭವೀಕರಿಸುವುದು ಸರಿಯಲ್ಲ. ನಮ್ಮ ಕೆಲವು ಬರಹಗಳಲ್ಲಿ ವೀರಗಲ್ಲೆಂದರೆ ಆದರ್ಶ ಸಮಾಜದ ಕನ್ನಡಿ ಎಂಬಂತೆ ಬರೆಯಲಾಗುತ್ತಿದ್ದು, ಆ ಧಾಟಿಯನ್ನು ನಾನು ಒಪ್ಪಲಾರೆ. ಕಲ್ಲು ನಿಂತಿರುವುದು ಸತ್ತವರಲ್ಲಿಯೂ ಕೆಲವರಿಗೆ ಮಾತ್ರ. ಕೊಡುಗೆ ದಕ್ಕುತ್ತಿದ್ದುದು ಮಗನಿಗೆ, ತಮ್ಮನಿಗೆ, ಪಟ್ಟ ಕಟ್ಟಿಸಿಕೊಂಡವನಿಗೆ. ಹೆಂಡತಿಯ ಪಾಡೇನು? ಇದಕ್ಕೆ ಉತ್ತರ ಶಿವಾರಪಟ್ಟಣವಿರುವ ಮಾಲೂರು ತಾಲ್ಲೂಕಿನಲ್ಲಿಯೇ ಇದೆ. ಕನ್ನಡದ ಆಸ್ತಿ ಎನಿಸಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಹೆಸರಿನೊಡನೆ ನಾಡಿಗೆಲ್ಲ ಪರಿಚಿತವಾದ ಮಾಸ್ತಿ ಎಂಬ ಊರಿನ ಹೆಸರು ‘ಮಹಾಸತಿ’ ಎಂಬುದರಿಂದ ಬಂದುದು. ಗಂಡನೊಡನೆ ಚಿತೆಯೇರಿದವಳ ಕಲ್ಲು, ಬಳೆ ತೊಟ್ಟ ತೋಳು ಮೇಲೆತ್ತಿದ ಮಾಸ್ತಿಗಲ್ಲು, ಈ ಸೀಮೆಗೆ ಅಪರಿಚಿತವಲ್ಲ. ಅದನ್ನು ಪೂಜಿಸುವವರ ಶ್ರದ್ಧೆಗೆ ನೋವಾಗದಂತೆ ಹೇಳುವುದಾದರೆ, ಯೋಧನ ವಿಧವೆಯನ್ನು ಬದುಕಿರುವಂತೆಯೇ ಪೋಷಿಸುವ ಪದವೊಂದು, ನೆತ್ತರುಗೊಡಗೆಯಷ್ಟು ಬಳಕೆಯ ಪದವೊಂದು, ನಮ್ಮ ಶಾಸನಗಳಲ್ಲಿ ಎದ್ದು ಕಾಣುವುದಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರವು ಕೆಲಸದಲ್ಲಿದ್ದು ಸತ್ತವರ ಹೆಂಡತಿ ಮಕ್ಕಳಿಗೆ ಅನ್ನ ಮತ್ತು ವೇತನ ಸಲ್ಲಬೇಕೆನ್ನುತ್ತದೆ. ಸೈನ್ಯದ ಹಿಂದೆ ಶಸ್ತ್ರ, ಔಷಧಿ, ಎಣ್ಣೆ, ಬಟ್ಟೆಗಳೊಡನೆ ಚಿಕಿತ್ಸಕರೂ ಅನ್ನಪಾನಗಳೊಡನೆ ಸ್ತ್ರೀಯರೂ ನಿಲ್ಲಬೇಕೆನ್ನುತ್ತದೆ. ಅದು ಶಾಸ್ತ್ರ. ಅದು ಈ ನೆಲದಲ್ಲಿ ಎಷ್ಟರಮಟ್ಟಿಗೆ ನಡೆಯಿತೆಂಬುದನ್ನು ಕಲ್ಲುಗಳು ಹೇಳುವುದಿಲ್ಲ.

ಗಾಯಗೊಂಡು ಬದುಕಿದವನ ವಿಷಯದಲ್ಲಿಯಂತೂ ಕಲ್ಲು ಬಹುಮಟ್ಟಿಗೆ ಮೂಕ. ಬದುಕಿ ಬಂದವನಿಗೆ ಕೊಡುಗೆ ಸಿಕ್ಕ ಪ್ರಸಿದ್ಧ ಉದಾಹರಣೆ ಮಂಡ್ಯ ಜಿಲ್ಲೆಯ ಆತಕೂರಿನದು. ಕ್ರಿ.ಶ. 949ರ ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರನಿಗೆ ಗಂಗ ಬೂತುಗನು ಆತಕೂರು ಹನ್ನೆರಡನ್ನು ಬಾಳ್ಗಳ್ಚಾಗಿ ಕೊಟ್ಟನು. ಮಣಲೇರನು ಮೆಚ್ಚಿಗೆಯಾಗಿ ಕೇಳಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ಹಂದಿಯೊಡನೆ ಕಾದಿ ಸತ್ತಾಗ ಅದಕ್ಕೂ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ಆತಕೂರಿನ ನಾಯಿಯ ಸ್ವಾಮಿನಿಷ್ಠೆಯನ್ನು ನಾವೆಲ್ಲರೂ ಪಾಠದಲ್ಲಿ ಓದಿದ್ದೇವೆ. ಆದರೆ ತಕ್ಕೋಲದಲ್ಲಿ ಕೈಯೋ ಕಾಲೋ ಕಳೆದುಕೊಂಡು ಊರಿಗೆ ಮರಳಿದ ಆಳುಗಳು ಎಷ್ಟು ಮಂದಿ, ಅವರು ಏನುಂಡು ಬದುಕಿದರು? ಆ ಪ್ರಶ್ನೆಯನ್ನು ಕೇಳುವ ಅಭ್ಯಾಸವೇ ನಮಗೆ ಇಲ್ಲವಾಯಿತು. ಕಲ್ಲಿನ ಲೆಕ್ಕ ಸಾವಿನಿಂದ ಶುರುವಾಗುತ್ತದೆ ಎಂಬುದು ಅದರ ದೊಡ್ಡ ಮಿತಿ.

ಇಲ್ಲಿಂದ ಸುಮಾರು ಎಂಟು ಶತಮಾನಗಳನ್ನು ದಾಟಿ ಹದಿನೆಂಟನೆಯ ಶತಮಾನಕ್ಕೆ ಬರೋಣ. ಕಾರಣವಿಷ್ಟೆ: ಯೋಧನ ಮನೆಯ ಪಾಡನ್ನೂ ಗಾಯಾಳುಗಳ ಲೆಕ್ಕವನ್ನೂ ಒಟ್ಟಿಗೆ ತೋರಿಸುವ ಎರಡು ಪ್ರಸಂಗಗಳು ಕೋಲಾರ ಸೀಮೆಯವನೇ ಆದ ಒಬ್ಬನ ಬದುಕಿನಲ್ಲಿ ದೊರೆಯುತ್ತವೆ. ಹೈದರಾಲಿ ಹುಟ್ಟಿದ್ದು ಈಗ ಬಂಗಾರಪೇಟೆ ತಾಲ್ಲೂಕಿಗೆ ಸೇರಿದ ಬೂದಿಕೋಟೆಯಲ್ಲಿ. ಅವನ ತಂದೆ ಫತೇ ಮಹಮ್ಮದ್ ಸಿರಾದ ಸುಬೇದಾರರ ಅಧೀನದಲ್ಲಿದ್ದ ಸೇನಾಧಿಕಾರಿ. ಒಡೆಯನ ಪರವಾಗಿ ಕಾದಿ ಸತ್ತನು. ಅವನ ಗೋರಿ ಕೋಲಾರದ ಮಕ್ಬರಾದಲ್ಲಿದೆ. ಸತ್ತವನ ಹೆಂಡತಿ ಮಕ್ಕಳಿಗೆ ದೊರೆತದ್ದು ಕೊಡುಗೆಯಲ್ಲ. ದೊಡ್ಡಬಳ್ಳಾಪುರದ ಅಬ್ಬಾಸ್ ಕುಲಿಖಾನನು ಸಾಲ ಬಾಕಿಯ ನೆಪದಲ್ಲಿ ಆ ಮನೆಯನ್ನು ಲೂಟಿ ಮಾಡಿ, ಹುಡುಗರಾದ ಶಹಬಾಜ್ ಮತ್ತು ಹೈದರರನ್ನು ನಗಾರಿಯೊಳಗೆ ಕೂಡಿ ಚರ್ಮ ಬಿಗಿಸಿ ಹಿಂಸಿಸಿದನೆಂದು ಇತಿಹಾಸಕಾರ ವಿಲ್ಕ್ಸ್ ಬರೆಯುತ್ತಾನೆ. 1761ರಲ್ಲಿ ಹೈದರ್ ದೊಡ್ಡಬಳ್ಳಾಪುರವನ್ನು ಮುತ್ತಿದಾಗ ಅಬ್ಬಾಸ್ ಕುಲಿಖಾನ್ ಮದರಾಸಿಗೆ ಓಡಿಹೋದನು. ಯುದ್ಧದಲ್ಲಿ ಸತ್ತವನ ಮನೆಗೆ ರಕ್ಷಣೆಯಿಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ಈ ಸೀಮೆಯ ಕಥೆಯಲ್ಲಿ ಇದಕ್ಕಿಂತ ಕಟುವಾದ ನಿದರ್ಶನ ಬೇಕಿಲ್ಲ.

ಎರಡನೆಯ ಪ್ರಸಂಗ ಹೈದರ್ ದಿಂಡಿಗಲ್ಲಿನ ಫೌಜುದಾರನಾಗಿ ಹೋದ 1755ರ ಆಸುಪಾಸಿನದು. ಆ ಹೊತ್ತಿಗೆ ಮೈಸೂರಿನ ಸೈನ್ಯದಲ್ಲಿ ಜಖಂ ಪಟ್ಟಿ ಎಂಬ ಪದ್ಧತಿಯಿತ್ತು. ಗಾಯಗೊಂಡ ಸಿಪಾಯಿಗೆ ವಾಸಿಯಾಗುವವರೆಗೆ ತಿಂಗಳಿಗೆ ಇಷ್ಟೆಂದು ಸರ್ಕಾರ ಹಣ ಕೊಡುತ್ತಿತ್ತು. ಕಲ್ಲಿನಲ್ಲಿ ಕಾಣದ ಗಾಯಾಳು ಕಾಗದದ ಲೆಕ್ಕದಲ್ಲಿ ಕಾಣಿಸಿಕೊಂಡದ್ದು ಹೀಗೆ. ಆದರೆ ಲೆಕ್ಕ ಬಂದೊಡನೆ ಲೆಕ್ಕದ ಕಳ್ಳತನವೂ ಬಂದಿತು. ಪಾಳೆಯಗಾರರೊಡನೆ ನಡೆದ ಒಂದು ಕಾಳಗದ ಬಳಿಕ ಗಾಯಾಳುಗಳನ್ನು ಎಣಿಸಲು ಶ್ರೀರಂಗಪಟ್ಟಣದಿಂದ ಅಧಿಕಾರಿ ಬಂದನು. ನಿಜವಾಗಿ ಗಾಯಗೊಂಡವರು 67 ಮಂದಿ. ಹೈದರ್ 700 ಜನರ ಕೈಕಾಲುಗಳಿಗೆ ಅರಿಸಿನದಲ್ಲಿ ಅದ್ದಿದ ಬಟ್ಟೆ ಸುತ್ತಿಸಿ ಸಾಲಾಗಿ ಮಲಗಿಸಿ ತೋರಿಸಿದನಂತೆ. ಹಣ ಅಷ್ಟೂ ಜನರ ಲೆಕ್ಕದಲ್ಲಿ ಬಂದಿತು. ನಿಜವಾದ ಗಾಯಾಳುಗಳ ಕೈಸೇರಿದ್ದು ಅದರಲ್ಲೊಂದು ಭಾಗ ಮಾತ್ರ. ಇದನ್ನು ಹೇಳುವವನೂ ವಿಲ್ಕ್ಸನೇ. ಮೈಸೂರಿನಲ್ಲಿ ಇಂಗ್ಲಿಷರ ರೆಸಿಡೆಂಟನಾಗಿದ್ದ ಅವನಿಗೆ ಹೈದರನನ್ನು ವಂಚಕನೆಂದು ಚಿತ್ರಿಸುವ ಆಸಕ್ತಿಯಿತ್ತೆಂಬುದನ್ನು ಮರೆಯಬಾರದು. ಹಾಗಿದ್ದರೂ, ಜಖಂ ಪಟ್ಟಿ ಎಂಬ ವ್ಯವಸ್ಥೆಯೊಂದಿತ್ತು, ತಪಾಸಣೆಗೆ ಅಧಿಕಾರಿ ಬರುತ್ತಿದ್ದನು ಎಂಬ ಎರಡು ಸಂಗತಿಗಳು ನಮ್ಮ ವಿಷಯಕ್ಕೆ ಅಮೂಲ್ಯವಾದವು. ಊರಿನ ಮುಂದೆ ನಿಲ್ಲುವ ಕಲ್ಲಿನಲ್ಲಿ ಅರುವತ್ತೇಳನ್ನು ಏಳುನೂರೆಂದು ಕೆತ್ತಿಸುವುದು ಸುಲಭವಲ್ಲ. ಅಲ್ಲಿ ಊರೇ ಸಾಕ್ಷಿ. ದೂರದ ಕಚೇರಿಗೆ ಹೋಗುವ ಕಾಗದಕ್ಕೆ ಅಂಥ ಸಾಕ್ಷಿಯಿಲ್ಲ. ಯೋಧರ ಪೋಷಣೆಯ ಲೆಕ್ಕ ಊರನ್ನು ಬಿಟ್ಟು ಕಚೇರಿಗೆ ಹೋದ ಈ ಸ್ಥಳಾಂತರವನ್ನು ನಾನು ಈ ಚರಿತ್ರೆಯ ಮುಖ್ಯ ತಿರುವೆಂದು ಭಾವಿಸುತ್ತೇನೆ.

ಮುಂದಿನ ಕಾಲವನ್ನು ಸಂಕ್ಷೇಪವಾಗಿ ಹೇಳಬಹುದು. ಮೊದಲನೆಯ ಮಹಾಯುದ್ಧಕ್ಕೆ ಮೈಸೂರು ಸಂಸ್ಥಾನ 50 ಲಕ್ಷ ರೂಪಾಯಿಗಳ ಕಾಣಿಕೆಯನ್ನಿತ್ತಿತು. ಮೈಸೂರು ಲ್ಯಾನ್ಸರ್ಸ್ ಅಶ್ವದಳ 1918ರ ಸೆಪ್ಟೆಂಬರ್ 23ರಂದು ಜೋಧಪುರದ ದಳದೊಡನೆ ಹೈಫಾ ನಗರವನ್ನು ಗೆದ್ದಿತು. ಯುದ್ಧ ಮುಗಿದ ಬಳಿಕ ಇಂಡಿಯಾದ ಹಲವು ಪ್ರಾಂತಗಳ ಹಳ್ಳಿಗಳಲ್ಲಿ ಬ್ರಿಟಿಷ್ ಸರ್ಕಾರ ಚಿಕ್ಕ ಕಲ್ಲುಹಲಗೆಗಳನ್ನು ನೆಡಿಸಿತು. ಈ ಊರಿನಿಂದ ಮಹಾಯುದ್ಧಕ್ಕೆ ಇಷ್ಟು ಮಂದಿ ಹೋದರು, ಅವರಲ್ಲಿ ಇಷ್ಟು ಮಂದಿ ಪ್ರಾಣ ಕೊಟ್ಟರು ಎಂಬುದಷ್ಟೇ ಅದರ ಒಕ್ಕಣೆ. ವೀರಗಲ್ಲಿನ ಮುಂದೆ ಇದನ್ನು ಇಟ್ಟು ನೋಡಿದರೆ ವ್ಯತ್ಯಾಸ ಢಾಳಾಗಿ ಕಾಣುತ್ತದೆ. ಹೆಸರು ಹೋಗಿ ಸಂಖ್ಯೆ ಬಂದಿದೆ. ಕೊಡುಗೆಯ ಮಾತೇ ಇಲ್ಲ. ಆದರೆ ಎರಡು ಸಂಖ್ಯೆಗಳಿರುವುದರಿಂದ ಒಂದನ್ನು ಇನ್ನೊಂದರಿಂದ ಕಳೆಯಬಹುದು, ಮರಳಿ ಬಂದವರೆಷ್ಟೆಂದು ತಿಳಿಯಬಹುದು. ಬದುಕಿ ಬಂದವರು ಕಲ್ಲಿನ ಮೇಲೆ ಕಾಣಿಸಿಕೊಂಡದ್ದು ಹೀಗೆ ಕಳೆಯುವ ಲೆಕ್ಕದ ಶೇಷವಾಗಿ. ಅವರು ಯಾವ ಸ್ಥಿತಿಯಲ್ಲಿ ಬಂದರೆಂಬುದನ್ನು ಹಲಗೆ ಹೇಳುವುದಿಲ್ಲ.

ಮರಳಿದವರ ಯೋಗಕ್ಷೇಮಕ್ಕೆಂದು 1919ರಲ್ಲಿ ಇಂಡಿಯನ್ ಸೋಲ್ಜರ್ಸ್ ಬೋರ್ಡ್ ಸ್ಥಾಪಿತವಾಯಿತು. ಅದೇ 1975ರಿಂದ ಕೇಂದ್ರೀಯ ಸೈನಿಕ ಮಂಡಳಿ ಎನಿಸಿತು. ಎರಡನೆಯ ಮಹಾಯುದ್ಧದ ಕಾಲಕ್ಕೆ ಇಂಡಿಯಾದ ಸೈನ್ಯ 25 ಲಕ್ಷಕ್ಕೆ ಏರಿ, ಯುದ್ಧ ಮುಗಿದೊಡನೆ ಬಹುಪಾಲು ಜನ ಮನೆಗೆ ಮರಳಿದರು. ಪಿಂಚಣಿಗೆ ಬೇಕಾದಷ್ಟು ವರ್ಷಗಳ ಸೇವೆಯಿಲ್ಲದ ಕಾರಣ ಅವರಲ್ಲಿ ಅಪಾರ ಸಂಖ್ಯೆಯವರಿಗೆ ಪಿಂಚಣಿ ದೊರೆಯಲಿಲ್ಲ. ಅಂಥವರಿಗೂ ಅವರ ವಿಧವೆಯರಿಗೂ ರಾಜ್ಯ ಸರ್ಕಾರ ಮಾಸಿಕ ಸಹಾಯಧನ ಕೊಡುವ ಪದ್ಧತಿ ಮುಂದೆ ಬಂದಿತು. ಅಂಗ ಕಳೆದುಕೊಂಡವರಿಗಾಗಿ ಪುಣೆಯಲ್ಲಿ ಕೃತಕ ಅವಯವ ಕೇಂದ್ರ 1944ರಲ್ಲಿ ಆರಂಭವಾಯಿತು. 1949ರಿಂದ ಪ್ರತಿ ಡಿಸೆಂಬರ್ 7ರಂದು ಧ್ವಜ ದಿನಾಚರಣೆ ನಡೆಯುತ್ತಿದೆ. ಶಾಲೆಯಲ್ಲಿ ಅಂಗಿಗೆ ಚುಚ್ಚಿಸಿಕೊಂಡ ಚಿಕ್ಕ ಕಾಗದದ ಬಾವುಟ ನಮ್ಮ ತಲೆಮಾರಿನವರಿಗೆ ನೆನಪಿರಬಹುದು. ಕರ್ನಾಟಕದಲ್ಲಿ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ ಈ ಕೆಲಸವನ್ನು ನೋಡಿಕೊಳ್ಳುತ್ತದೆ. ಹಲವೆಡೆ ಅದರ ಒಂದೇ ಕಚೇರಿಯ ವ್ಯಾಪ್ತಿಗೆ ಒಂದಕ್ಕಿಂತ ಹೆಚ್ಚು ಜಿಲ್ಲೆಗಳು ಸೇರಿವೆ.

ನೆತ್ತರುಗೊಡಗೆಯ ನೇರ ವಾರಸುದಾರಿಕೆಯನ್ನು ಹುಡುಕುವವರು 1969ರ ಕರ್ನಾಟಕ ಭೂಮಂಜೂರಾತಿ ನಿಯಮಗಳನ್ನು ನೋಡಬೇಕು. ಮಂಜೂರಾತಿಗೆ ಲಭ್ಯವಿರುವ ಸರ್ಕಾರಿ ಜಮೀನಿನಲ್ಲಿ ಶೇಕಡ 10ರಷ್ಟನ್ನು ಅದು ಸೈನಿಕರಿಗೂ ಮಾಜಿ ಸೈನಿಕರಿಗೂ ಮೀಸಲಿಟ್ಟಿತು. ಬೇಗೂರಿನ ಕಲ್ಲಿಗೂ ಇದಕ್ಕೂ ಸಾವಿರ ವರ್ಷಗಳಿಗೂ ಮಿಕ್ಕ ಅಂತರವಿದ್ದರೂ ಯೋಧನಿಗೆ ನೆಲವನ್ನೇ ಕೊಡಬೇಕೆಂಬ ಭಾವ ಒಂದೇ. ವ್ಯತ್ಯಾಸವೆಂದರೆ ಇಲ್ಲಿ ಬದುಕಿರುವವನೂ ಅರ್ಹನಾದನು. ಇನ್ನೊಂದು ವ್ಯತ್ಯಾಸವೆಂದರೆ ಯಾವ ಊರಿನ ಯಾವ ಸರ್ವೆ ನಂಬರು ಯಾರಿಗೆ ಸಂದಿತೆಂಬುದು ತಾಲ್ಲೂಕು ಕಚೇರಿಯ ಕಡತದಲ್ಲಿರುತ್ತದೆಯೇ ವಿನಾ ಊರ ಮುಂದೆ ಇರುವುದಿಲ್ಲ.

ಆರೋಗ್ಯದ ವಿಷಯಕ್ಕೆ ಬಂದರೆ, ಬಹುಕಾಲ ನಿವೃತ್ತ ಸೈನಿಕನಿಗೆ ಆಸರೆ ಎಂದರೆ ಸೇನಾ ಆಸ್ಪತ್ರೆ. ಅದೂ ಹಾಸಿಗೆ ಖಾಲಿಯಿದ್ದರೆ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಹಳ್ಳಿಯಿಂದ ಬೆಂಗಳೂರಿಗೆ ಹೋಗಿ ಕಾಯುವುದು ವೃದ್ಧರಿಗೆ ಸುಲಭವಾಗಿರಲಿಲ್ಲ. 2003ರ ಏಪ್ರಿಲ್ 1ರಂದು ಮಾಜಿ ಸೈನಿಕರ ವಂತಿಗೆ ಆಧಾರಿತ ಆರೋಗ್ಯ ಯೋಜನೆ, ಜನರ ಬಾಯಲ್ಲಿ ಇ.ಸಿ.ಎಚ್.ಎಸ್., ಆರಂಭವಾಯಿತು. ಒಂದು ಸಲ ವಂತಿಗೆ ಕಟ್ಟಿದರೆ ಪಿಂಚಣಿದಾರನಿಗೂ ಅವನ ಹೆಂಡತಿಗೂ ಅವಲಂಬಿತರಿಗೂ ಪಾಲಿಕ್ಲಿನಿಕ್ಕಿನಲ್ಲಿ ಚಿಕಿತ್ಸೆ, ಅಲ್ಲಿಂದ ಚೀಟಿ ಪಡೆದು ನೋಂದಾಯಿತ ಖಾಸಗಿ ಆಸ್ಪತ್ರೆಯಲ್ಲಿ ದೊಡ್ಡ ಚಿಕಿತ್ಸೆ. ಮೊದಲು 227 ಪಾಲಿಕ್ಲಿನಿಕ್ಕುಗಳಿಗೆ ಮಂಜೂರಾತಿ ದೊರೆಯಿತು. 2010ರಲ್ಲಿ 199 ಸೇರಿ ಅವು 426 ಆದವು. ಫಲಾನುಭವಿಗಳ ಸಂಖ್ಯೆ ಇಂದು 50 ಲಕ್ಷವನ್ನು ಮೀರಿದೆ. ವಿಧವೆಯೂ ತನ್ನದೇ ಹಕ್ಕಿನಿಂದ ಈ ಯೋಜನೆಯೊಳಗಿದ್ದಾಳೆ. ಮಹಾಸತಿಯ ಕಲ್ಲಿನಿಂದ ಇಲ್ಲಿಗೆ ನಡೆದು ಬಂದ ದಾರಿಯನ್ನು ನೆನೆದರೆ ಇದನ್ನು ಸಣ್ಣ ಸಂಗತಿಯೆನ್ನಲಾಗದು.

ಈ ಯೋಜನೆಯ ಮಾಹಿತಿ ಗುಟ್ಟಿನದೇನಲ್ಲ. ಸಂಸತ್ತಿನಲ್ಲಿ ಕೇಳಿದ ಪ್ರಶ್ನೆಗಳಿಗೆ ಮಂತ್ರಿಗಳು ಅಂಕಿಸಂಖ್ಯೆಗಳನ್ನು ಕೊಡುತ್ತಾರೆ. 2015ರಲ್ಲಿ ಭಾರತದ ಲೆಕ್ಕ ನಿಯಂತ್ರಕರು ಮತ್ತು ಮಹಾಲೆಕ್ಕಪರಿಶೋಧಕರು ಈ ಯೋಜನೆಯನ್ನೇ ಕುರಿತು ಪ್ರತ್ಯೇಕ ವರದಿ ಸಲ್ಲಿಸಿ, ಔಷಧಿಗಳ ಕೊರತೆಯನ್ನೂ ಆಸ್ಪತ್ರೆಗಳಿಗೆ ಹಣ ಪಾವತಿಯಲ್ಲಿನ ಲೋಪಗಳನ್ನೂ ಎತ್ತಿ ತೋರಿಸಿದರು. ಅರಿಸಿನದ ಬಟ್ಟೆಯ ಪ್ರಸಂಗವನ್ನು ಓದಿದವರಿಗೆ ಇಂಥ ತಪಾಸಣೆಯ ಬೆಲೆಯೇನೆಂದು ತಿಳಿಯುತ್ತದೆ. 2005ರ ಮಾಹಿತಿ ಹಕ್ಕು ಕಾಯಿದೆಯ ಬಳಿಕ ಹತ್ತು ರೂಪಾಯಿ ಶುಲ್ಕ ಕಟ್ಟಿ ಯಾರಾದರೂ ಪ್ರಶ್ನೆ ಕೇಳಬಹುದು. ಹೀಗಿದ್ದೂ ಒಂದು ಕೊರತೆ ಉಳಿಯುತ್ತದೆ. ದೇಶದ ಸಂಖ್ಯೆಯಿದೆ, ರಾಜ್ಯದ ಸಂಖ್ಯೆಯಿದೆ; ಊರಿಗೆ ತನ್ನ ಸಂಖ್ಯೆ ಗೊತ್ತಿಲ್ಲ. ತನ್ನ ಊರಿನಲ್ಲಿ ಎಷ್ಟು ಮಂದಿ ಮಾಜಿ ಸೈನಿಕರಿದ್ದಾರೆ, ಎಷ್ಟು ಮಂದಿ ವಿಧವೆಯರಿಗೆ ಪಿಂಚಣಿ ಬರುತ್ತಿದೆ, ಯಾರ ಹತ್ತಿರ ಆರೋಗ್ಯದ ಕಾರ್ಡಿಲ್ಲ ಎಂಬುದನ್ನು ಊರಿನ ಹಿರಿಯರನ್ನು ಕೇಳಿದರೆ ಬೆರಳು ಮಡಿಸಿ ಎಣಿಸುತ್ತಾರೆ, ನಡುವೆ ತಡೆಯುತ್ತಾರೆ, ಇನ್ನೊಬ್ಬರನ್ನು ಕೂಗುತ್ತಾರೆ. ರೋಗಿಯ ವಿವರಗಳು ಗೋಪ್ಯವಾಗಿರಬೇಕು, ನಿಜ. ಆದರೆ ಹಕ್ಕಿನ ವಿವರ ಗೋಪ್ಯವಾಗಿರಬೇಕಿಲ್ಲ.

ಶಿವಾರಪಟ್ಟಣದ ಆ ಸಲದ ತಿರುಗಾಟದಲ್ಲಿಯೇ ನೆರೆಯ ಹಳ್ಳಿಯೊಂದರಲ್ಲಿ ವೃದ್ಧರೊಬ್ಬರ ಪರಿಚಯವಾಯಿತು. ಊರಿನ ಮಕ್ಕಳು ಅವರನ್ನು ಮಿಲಿಟ್ರಿ ತಾತ ಎನ್ನುತ್ತಿದ್ದರು. ನಾನು ಹೋಗಿದ್ದುದು ಊರ ಹೊರಗಿನ ವೀರಗಲ್ಲಿನ ಪೂಜೆಯ ವಿಷಯ ಕೇಳಲು. ಅವರು ಅದನ್ನು ಮುಗಿಸಿ, ತಮ್ಮ ಮಾತಿಗೆ ಬಂದರು. ಸೈನ್ಯದಲ್ಲಿದ್ದಾಗ ಬಿದ್ದ ಪೆಟ್ಟಿನಿಂದ ಒಂದು ಮಂಡಿ ಮಡಚುತ್ತಿರಲಿಲ್ಲ. ಕಾರ್ಡಿತ್ತು. ಅವರ ಹೆಂಡತಿಯ ಹೆಸರಿಗೆ ಕಾರ್ಡಿರಲಿಲ್ಲ. ಸೇವಾ ದಾಖಲೆಯಲ್ಲಿ ಬರೆದ ಆಕೆಯ ಹೆಸರಿಗೂ ಪಡಿತರ ಚೀಟಿಯ ಹೆಸರಿಗೂ ಕೊನೆಯ ಅಕ್ಷರ ಹೊಂದುತ್ತಿರಲಿಲ್ಲ. ಎಷ್ಟೋ ವರ್ಷಗಳ ಹಿಂದೆ ದೂರದ ಊರಿನಲ್ಲಿ, ಕನ್ನಡ ಬಾರದ ಗುಮಾಸ್ತನೊಬ್ಬ ಕೇಳಿದಂತೆ ಬರೆದುಕೊಂಡ ಹೆಸರು ಅದು. ಅದನ್ನು ತಿದ್ದಿಸಲು ಅವರು ಒಂದು ಕಚೇರಿಯಿಂದ ಇನ್ನೊಂದು ಕಚೇರಿಗೆ ಮೂರು ವರ್ಷ ಅಲೆದಿದ್ದರು. ಆಕೆಗೆ ಸಕ್ಕರೆ ಕಾಯಿಲೆ. ಔಷಧಿಯನ್ನು ಅಂಗಡಿಯಲ್ಲಿ ದುಡ್ಡು ಕೊಟ್ಟೇ ತರುತ್ತಿದ್ದರು. “ನಮ್ಮ ಊರ್ನಾಗೆ ಯಾರನ್ನ ಕೇಳಿದ್ರೂ ಇವ್ಳು ನನ್ ಹೆಂಡ್ತಿ ಅಂತಾರೆ. ಅಲ್ಲಿ ಕಾಗ್ದ ಒಪ್ಪಲ್ಲ” ಎಂದರು. ಆಮೇಲೆ ವೀರಗಲ್ಲಿನ ಕಡೆ ನೋಡಿ, ನಗುತ್ತಲೇ, “ಅಲ್ಲೇ ಸತ್ತಿದ್ರೆ ಒಂದ್ ಕಲ್ಲಾದ್ರೂ ನಿಲ್ಲಿಸ್ತಿದ್ರೇನೋ, ಬದುಕಿ ಬಂದ್ಬಿಟ್ನಲ್ಲ” ಎಂದರು.

ಆ ನಗೆಯನ್ನು ನಾನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಳ್ಳಲಿಲ್ಲ. ಮಾತನ್ನು ಮಾತ್ರ ಬರೆದುಕೊಂಡೆ. ವೀರಗಲ್ಲನ್ನು ಕುರಿತು ಗ್ರಂಥಗಳನ್ನು ಓದಿ ನಾನು ಎರಡು ದಶಕಗಳಲ್ಲಿ ತಿಳಿದುಕೊಂಡದ್ದನ್ನು ಅವರು ಒಂದೇ ಮಾತಿನಲ್ಲಿ ಹೇಳಿದ್ದರು. ಕಲ್ಲಿನ ಕಾಲದಲ್ಲಿ ಊರಿನ ಸಾಕ್ಷಿಗೆ ಬೆಲೆಯಿತ್ತು, ಬದುಕಿದವನಿಗೆ ಸ್ಥಾನವಿರಲಿಲ್ಲ. ಕಾಗದದ ಕಾಲದಲ್ಲಿ ಬದುಕಿದವನಿಗೆ ಸ್ಥಾನ ಬಂದಿದೆ, ಊರಿನ ಸಾಕ್ಷಿ ನಡೆಯುವುದಿಲ್ಲ.

ಬೆಂಗಳೂರಿನಲ್ಲಿ ರಾಷ್ಟ್ರೀಯ ಸೈನಿಕ ಸ್ಮಾರಕವನ್ನು ನಿರ್ಮಿಸುವಾಗ ದೇವನಹಳ್ಳಿ ತಾಲ್ಲೂಕಿನ ಕೊಯಿರಾದಿಂದ ಬೃಹತ್ ಏಕಶಿಲೆಯೊಂದನ್ನು ತರಿಸಿ, ಅದನ್ನು ವೀರಗಲ್ಲು ಎಂದೇ ಕರೆದರು. ಸ್ಮಾರಕದಲ್ಲಿ ಹುತಾತ್ಮರಾದವರ ಹೆಸರುಗಳಿವೆ. ಹಳೆಯ ಪದವೊಂದು ಮರಳಿ ಬಳಕೆಗೆ ಬಂದುದು ಸಂತೋಷದ ಸಂಗತಿ. ಆದರೆ ಹಳೆಯ ವೀರಗಲ್ಲಿನ ಅರ್ಧವಷ್ಟೇ ಅಲ್ಲಿಗೆ ಬಂದಿದೆ. ಹೆಸರಿನ ಕೆಳಗೆ ಅವರ ಮನೆಗೆ ಏನು ಸಂದಿತು ಎಂಬ ಸಾಲು ಅಲ್ಲಿಲ್ಲ. ಅದನ್ನು ಅಲ್ಲಿ ಬರೆಯಬೇಕೆಂದು ನಾನು ಹೇಳುತ್ತಿಲ್ಲ. ಅದಕ್ಕೆ ಗ್ರಾಮ ಪಂಚಾಯಿತಿಯ ಗೋಡೆ ಸಾಕು. ಉದ್ಯೋಗ ಖಾತರಿ ಯೋಜನೆಯ ಕೂಲಿಕಾರರ ಹೆಸರುಗಳನ್ನು, ಕೊಟ್ಟ ಕೂಲಿಯನ್ನು ಹಾಗೆ ಗೋಡೆಗೆ ಬರೆಸುವ ರೂಢಿ ನಮ್ಮ ಹಳ್ಳಿಗಳಲ್ಲಿ ಆಗಲೇ ಬಂದಿತ್ತು. ಜಾನಪದದ ಕ್ಷೇತ್ರಕಾರ್ಯಕರ್ತರಿಗೂ ಇಲ್ಲೊಂದು ಕೆಲಸವಿದೆ. ವೀರಗಲ್ಲುಗಳ ಸಮೀಕ್ಷೆಗೆ ಒಂದು ಊರಿಗೆ ಹೋದಾಗ ಅದೇ ನಮೂನೆಯಲ್ಲಿ ಇನ್ನೊಂದು ಕಾಲಮ್ ಹಾಕಿಕೊಂಡು, ದಂಡಿನಿಂದ ಮರಳಿದವರು ಯಾರು, ಅವರ ಮನೆಯಲ್ಲಿ ಯಾವ ಕಾಗದಗಳಿವೆ, ಊರು ಅವರನ್ನು ಕುರಿತು ಏನು ಹೇಳುತ್ತದೆ ಎಂಬುದನ್ನು ಬರೆದುಕೊಳ್ಳಬಹುದು. ನಾನು ಈಚಿನ ವರ್ಷಗಳಲ್ಲಿ ಹಾಗೆ ಮಾಡುತ್ತಿದ್ದೇನೆ. ಕಾಗದಗಳು ಸಾಮಾನ್ಯವಾಗಿ ಮಂಚದ ಕೆಳಗಿನ ಕಪ್ಪು ತಗಡಿನ ಟ್ರಂಕಿನಲ್ಲಿರುತ್ತವೆ. ಬಿಡುಗಡೆ ಪುಸ್ತಕ, ಪಿಂಚಣಿ ಆದೇಶ, ಪದಕವಿದ್ದರೆ ಒಂದು ಕೈಚೌಕದಲ್ಲಿ ಸುತ್ತಿದ ಪದಕ.

ಮಿಲಿಟ್ರಿ ತಾತನ ಮನೆಗೆ ಎರಡು ವರ್ಷಗಳ ಬಳಿಕ ಇನ್ನೊಮ್ಮೆ ಹೋಗಿದ್ದೆ. ಹೆಸರಿನ ತಿದ್ದುಪಡಿ ಆಗಿತ್ತು. ಅಜ್ಜಿ ಹೊಸ ಕಾರ್ಡನ್ನು ಸೆರಗಿನಲ್ಲಿ ಒರೆಸಿ ನನ್ನ ಕೈಗೆ ಕೊಟ್ಟು, ಹೆಸರು ಸರಿಯಾಗಿದೆಯೇ ಓದಿ ಹೇಳು ಮಗ ಎಂದರು. ಜೋರಾಗಿ ಓದಿದೆ. ಪಕ್ಕದ ಜಗುಲಿಯಲ್ಲಿ ಕುಳಿತಿದ್ದವರೂ ಕೇಳಿಸಿಕೊಂಡರು.